ಅಪ್ಪನ ಎರಡನೇ ಅಂಗಡಿ ಎಲ್ಲಿ?

ಅರಸೀಕೆರೆ ಕಡೆಯ ಹಳ್ಳಿಯೊಂದರಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ನನ್ನ ಬಿಇ ಫೀಸು, ಪಿಜಿ ಬಾಡಿಗೆ ಎಲ್ಲ ಅದೇ ಗಲ್ಲಾಪೆಟ್ಟಿಗೆಯಿಂದ ಬರಬೇಕು. ದೀಪಾವಳಿ ರಜೆಯಲ್ಲಿ ಅಪ್ಪ ಎರಡನೇ ಅಂಗಡಿಯ ಮಾತು ತೆಗೆದರು. ಹಾಸನದಲ್ಲಿ ಮಾವನ ಮಳಿಗೆ ಖಾಲಿ ಇತ್ತು, ಬಾಡಿಗೆಯೂ ಕಮ್ಮಿ. ನಾನು ‘ಬೇಡಪ್ಪ, ಪಕ್ಕದೂರಲ್ಲೇ ಇಡೋಣ’ ಅಂದೆ. ನಡುವೆ ಇರುವುದು ಮೂರೇ ಕಿಲೊಮೀಟರ್.

‘ಅಲ್ಲವ್ವ, ನಮ್ಮ ಗಿರಾಕಿನ ನಾವೇ ಕಿತ್ಕೊಂಡಂಗಾಗಲ್ವಾ?’ ಅಂತ ಕೇಳಿದರು ಅಪ್ಪ. ಪ್ರಶ್ನೆ ಸರಿಯಾಗೇ ಇತ್ತು.

ಜಪಾನಿನ ಸೆವೆನ್-ಇಲೆವೆನ್ ಕತೆ ಹೇಳಿದೆ. 1974ರಲ್ಲಿ ಟೋಕಿಯೊದ ಟೊಯೊಸು ಎಂಬಲ್ಲಿ ಮೊದಲ ಅಂಗಡಿ ತೆರೆದ ಅವರು ದೇಶದ ತುಂಬ ಚದುರಿ ಹೋಗಲಿಲ್ಲ. ಒಂದು ಪ್ರದೇಶ ಹಿಡಿದರೆ ಅಲ್ಲೇ ಹತ್ತಿರ ಹತ್ತಿರ ಅಂಗಡಿ ತುಂಬಿಸಿ, ಆಮೇಲೆ ಮುಂದಿನದು. ಒಕಿನಾವ ದ್ವೀಪಕ್ಕೆ ಕಾಲಿಟ್ಟದ್ದು 2019ರಲ್ಲಿ! ಅಷ್ಟರಲ್ಲಿ ಉಳಿದ ಕಡೆ 20,000ಕ್ಕೂ ಹೆಚ್ಚು ಅಂಗಡಿಗಳಿದ್ದವು. ಅಮೆರಿಕದಲ್ಲಿ ಸ್ಯಾಮ್ ವಾಲ್ಟನ್ ಕೂಡ ಗೋದಾಮಿನಿಂದ ಲಾರಿ ಒಂದು ದಿನದಲ್ಲಿ ಮುಟ್ಟುವಷ್ಟು ದೂರದಲ್ಲೇ ವಾಲ್‌ಮಾರ್ಟ್ ಬೆಳೆಸಿದ್ದು.

ಲೆಕ್ಕ ಸರಳ. ಗೋದಾಮು 40 ಕಿ.ಮೀ. ದೂರದಲ್ಲಿದ್ದು ಅಂಗಡಿ ಒಂದೇ ಆದರೆ, ಹೋಗಿಬರುವ 80 ಕಿ.ಮೀ. ಖರ್ಚೂ ಅದರ ತಲೆಗೆ. ಎರಡೆರಡು ಕಿ.ಮೀ.ಗೆ ಒಂದರಂತೆ ಎಂಟು ಅಂಗಡಿಗಳಿದ್ದರೆ ಲಾರಿ ಓಡುವುದು ಸುಮಾರು 94 ಕಿ.ಮೀ. ತಲಾ 12ಕ್ಕೂ ಕಮ್ಮಿ! (ಆಪರೇಷನ್ಸ್ ರಿಸರ್ಚ್ ಇಂಟರ್ನಲ್ಸ್‌ನಲ್ಲಿ ಇಂಥದ್ದೇ ಲೆಕ್ಕವನ್ನು ಬಿಡಿಸದೆ ಬಿಟ್ಟವಳು ನಾನೇ.)

ಡೀಸೆಲ್ ಉಳಿಯುವುದು ಅರ್ಧ ಲಾಭ ಅಷ್ಟೇ. ಖರ್ಚು ಹಂಚಿಹೋದರೆ ಗಾಡಿ ಪದೇ ಪದೇ ಬರಬಹುದು. ಜಪಾನಿನ ಆ ಪುಟ್ಟ ಅಂಗಡಿಗಳಿಗೆ ಊಟದ ಡಬ್ಬಿಗಳು ದಿನಕ್ಕೆ ಮೂರು ಸಲ ಬರುತ್ತವೆ, ದಾಸ್ತಾನಿಗೆ ದೊಡ್ಡ ಕೋಣೆ ಬೇಕಿಲ್ಲ. ಪೈಪೋಟಿಯ ಕಂಪನಿಗಳ ಹಾಲನ್ನೂ ಒಂದೇ ಗಾಡಿಯಲ್ಲಿ ತರಿಸುವ ವ್ಯವಸ್ಥೆ ಅಲ್ಲಿದೆ. ಬೆಂಗಳೂರಿನಲ್ಲಿ ಹತ್ತು ನಿಮಿಷಕ್ಕೆ ಮೊಸರು ತಂದುಕೊಡುವ ಆ್ಯಪ್‌ಗಳ ಗುಟ್ಟೂ ಬೈಕಿನ ವೇಗವಲ್ಲ, ಬಡಾವಣೆಗೊಂದರಂತೆ ಇರುವ ಸಣ್ಣ ಗೋದಾಮು.

ನಮ್ಮ ಕತೆ ನೋಡಿ. ಏಜೆನ್ಸಿ ಗಾಡಿ ಬರುವುದು ಮಂಗಳವಾರ ಮಾತ್ರ. ಶುಕ್ರವಾರ ಬಿಸ್ಕತ್ತು ಮುಗಿದರೆ ನಾಲ್ಕು ದಿನ ಖಾಲಿ ಡಬ್ಬ. ಆ ಭಯಕ್ಕೆ ಅಪ್ಪ ಜಾಸ್ತಿ ತರಿಸಿ ಮಂಚದ ಕೆಳಗೆಲ್ಲ ಪೆಟ್ಟಿಗೆ ತುಂಬಿಸಿರುತ್ತಾರೆ. ಅದು ಸರಕಲ್ಲ, ನನ್ನ ಸೆಮಿಸ್ಟರ್ ಫೀಸು ಅಲ್ಲಿ ಮಲಗಿರುತ್ತದೆ.

ಅಪ್ಪನ ಆಕ್ಷೇಪ ಜಪಾನಿನಲ್ಲೂ ಇದೆ. ಅಲ್ಲಿನ ಹೆಚ್ಚಿನ ಅಂಗಡಿಗಳು ಫ್ರಾಂಚೈಸಿಗಳು. ಪಕ್ಕದಲ್ಲೇ ಹೊಸದು ಬಂದರೆ ಲಾಭ ಕಂಪನಿಗೆ, ಹೊಡೆತ ಹಳೆಯ ಮಾಲೀಕನಿಗೆ. ಇದು ನನಗೆ ಅನ್ಯಾಯವೆಂದೇ ಅನಿಸುತ್ತದೆ. ನಮ್ಮಲ್ಲಾದರೆ ಎರಡೂ ಗಲ್ಲಾ ಅಪ್ಪನವೇ. ಹತ್ತು ಗಿರಾಕಿಗಳು ಆ ಕಡೆ ಹೋದರೂ ದುಡ್ಡು ಮನೆಗೇ ಬರುತ್ತದೆ.

ಅಪ್ಪ ಏನೂ ಹೇಳಲಿಲ್ಲ. ಹೋದ ವಾರ ಫೋನ್ ಮಾಡಿದ್ದರು. ಎರಡೂ ಅಂಗಡಿಯ ಆರ್ಡರ್ ಒಟ್ಟಿಗೆ ಕೊಟ್ಟರೆ ಎರಡು ತಿಂಗಳು ಶುಕ್ರವಾರವೂ ಗಾಡಿ ಕಳಿಸಿ ನೋಡುವುದಾಗಿ ಏಜೆನ್ಸಿಯವರು ಒಪ್ಪಿದ್ದಾರಂತೆ. ಪಕ್ಕದೂರಿನ ಮಳಿಗೆಗೆ ಬಡಗಿ ಅಳತೆ ತಗೊಂಡು ಹೋಗಿದ್ದಾನೆ. ಹಾಸನದ ಮಾವನಿಗೆ ವಿಷಯ ತಿಳಿಸುವ ಕೆಲಸ ನನ್ನ ಪಾಲಿಗೆ ಬಂದಿದೆ.