ಆಸ್ಪತ್ರೆ ಮತ್ತು ವಿದ್ಯಾಲಯಗಳಿಗೆ ದೂರಸ್ಥ ತಂತ್ರಾಂಶದ ಹಂಚಿಕೆ

ಒಂದೇ ಗಣಕವನ್ನು ಅನೇಕರು ಏಕಕಾಲದಲ್ಲಿ ಬಳಸುವ ಪದ್ಧತಿ ಹೊಸದೇನಲ್ಲ. 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು ಕಾಲಹಂಚಿಕೆಯ ವ್ಯವಸ್ಥೆಯೊಂದನ್ನು ಪ್ರದರ್ಶಿಸಿದರು. ಇಂದು ವಿಶ್ವವಿದ್ಯಾನಿಲಯವೊಂದು ತನ್ನ ವಿದ್ಯಾರ್ಥಿಗಳಿಗೂ ಆಸ್ಪತ್ರೆಗೂ ಒಂದೇ ಸರ್ವರಿನಿಂದ ತಂತ್ರಾಂಶವನ್ನು ಒದಗಿಸಬಯಸಿದರೆ, ಮೊದಲು ಏಳುವ ಪ್ರಶ್ನೆ ಏಕಕಾಲಿಕ ಪರವಾನಗಿಗಳು ಎಷ್ಟು ಬೇಕೆಂಬುದು.

ಡೆನ್ಮಾರ್ಕಿನ ಗಣಿತಜ್ಞ ಎ. ಕೆ. ಎರ್ಲಾಂಗ್ ದೂರವಾಣಿ ಕರೆಗಳಿಗಾಗಿ 1917ರಲ್ಲಿ ಪ್ರಕಟಿಸಿದ ಸೂತ್ರವು ಇಲ್ಲಿ ನೆರವಾಗುತ್ತದೆ. ಅತಿ ದಟ್ಟಣೆಯ ಗಂಟೆಯಲ್ಲಿ ಪ್ರತಿಯೊಂದು ವರ್ಗದಿಂದ 20 ಬೇಡಿಕೆಗಳು ಬಂದು, ಒಂದೊಂದೂ ಸರಾಸರಿ 15 ನಿಮಿಷ ನಡೆಯುವುದೆಂದು ಭಾವಿಸೋಣ. ಆಗ ಪ್ರತಿ ವರ್ಗದಲ್ಲಿ ಸರಾಸರಿ 5 ಪರವಾನಗಿಗಳಿಗೆ ಬೇಡಿಕೆಯಿರುತ್ತದೆ. ಸರಾಸರಿಯನ್ನೇ ನಂಬಿ ಎರಡಕ್ಕೂ ಸೇರಿ 10 ಪರವಾನಗಿಗಳನ್ನು ಮಾತ್ರ ಕೊಂಡರೆ, ಐದರಲ್ಲಿ ಒಂದಕ್ಕಿಂತ ಹೆಚ್ಚು ಬೇಡಿಕೆ ನಿರಾಕೃತವಾಗುವುದು. ನಿರಾಕರಣೆಯು ಶೇಕಡ 1ನ್ನು ಮೀರಬಾರದೆಂದರೆ ಪ್ರತ್ಯೇಕವಾಗಿ 11ರಂತೆ 22 ಬೇಕು. ಒಟ್ಟುಗೂಡಿಸಿದರೆ 18 ಸಾಕು. ಎರಡೂ ವರ್ಗಗಳ ಬೇಡಿಕೆ ಒಂದೇ ಕ್ಷಣದಲ್ಲಿ ಏರುವುದು ವಿರಳವಾದುದೇ ಈ ಉಳಿತಾಯಕ್ಕೆ ಕಾರಣ.

ಆದರೆ ಬೇಡಿಕೆಗಳು ಪರಸ್ಪರ ಸ್ವತಂತ್ರವಾಗಿ ಬರುತ್ತವೆಂಬುದು ಈ ಲೆಕ್ಕದ ಆಧಾರ. ಇಡೀ ತರಗತಿಯು ಬೆಳಗ್ಗೆ ಒಮ್ಮೆಲೇ ಪ್ರವೇಶಿಸಿದರೆ 18 ಪರವಾನಗಿಗಳೂ ಕ್ಷಣದಲ್ಲಿ ಮುಗಿದುಹೋಗುತ್ತವೆ. ಆಗ ಹೊರಗುಳಿದ ವಿದ್ಯಾರ್ಥಿಯು ಸ್ವಲ್ಪ ಹೊತ್ತು ಕಾಯಬಹುದು. ರೋಗಿಯ ಚಿತ್ರವನ್ನು ನೋಡಬೇಕಾದ ವೈದ್ಯನು ಕಾಯಲಾಗದು. ಸೂತ್ರವು ಇವರಿಬ್ಬರನ್ನೂ ಸಮಾನವಾಗಿ ಎಣಿಸುತ್ತದೆ. ಯೋಜಕನು ಹಾಗೆ ಎಣಿಸಬಾರದು. ಆದುದರಿಂದ ಕೆಲವು ಪರವಾನಗಿಗಳನ್ನು ಆಸ್ಪತ್ರೆಗೇ ಮೀಸಲಿರಿಸಿ, ಉಳಿದವನ್ನು ಹಂಚಿಕೊಳ್ಳುವುದು ಯುಕ್ತ. ಇದರಿಂದ ಉಳಿತಾಯವು ಕೊಂಚ ಕುಗ್ಗುವುದು ನಿಜ. ಆ ವೆಚ್ಚವನ್ನು ಯೋಜನೆಯ ಆರಂಭದಲ್ಲಿಯೇ ಲೆಕ್ಕಕ್ಕೆ ಸೇರಿಸಬೇಕು.