ಮೇಷ್ಟ್ರ ಪಿಂಚಣಿ: ಬಿಲ್ಲು ಯಾರ ಕಾಲಕ್ಕೆ?

2023ರ ಮಾರ್ಚ್ 1. ಕರ್ನಾಟಕದ ಸರ್ಕಾರಿ ನೌಕರರ ಜೊತೆ ಮೇಷ್ಟ್ರುಗಳೂ ಮುಷ್ಕರಕ್ಕಿಳಿದರು. ಅವತ್ತೇ ಶೇ 17 ಮಧ್ಯಂತರ ಪರಿಹಾರ ಘೋಷಣೆಯಾಯ್ತು, ಮುಷ್ಕರ ನಿಂತಿತು. ಚುನಾವಣೆ ಹತ್ತಿರವಿತ್ತಲ್ಲ! ಹಳೇ ಪಿಂಚಣಿ ಮರಳಿ ಕೊಡಿ ಅನ್ನೋ ಬೇಡಿಕೆಗೆ ಸಿಕ್ಕಿದ್ದು ಮಾತ್ರ ಒಂದು ಸಮಿತಿ.

ಏನಿದು ಹಳೇ ಪಿಂಚಣಿ? 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರಿಗೆ ಪೂರ್ಣ ಸೇವೆ ಮುಗಿಸಿದರೆ ಕೊನೆಯ ಮೂಲ ವೇತನದ ಅರ್ಧ, ಮೇಲೆ ತುಟ್ಟಿಭತ್ಯೆ. ಆಮೇಲೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ: ತಿಂಗಳು ತಿಂಗಳು ಸಂಬಳದಲ್ಲಿ ಶೇ 10 ಕಡಿತ, ಸರ್ಕಾರದ್ದು ಶೇ 14. ಕೊನೆಗೆ ಕೈಗೆಷ್ಟು? ಮಾರುಕಟ್ಟೆ ಹೇಳಬೇಕು. ಒಂದೇ ಸ್ಟಾಫ್ ರೂಮಲ್ಲಿ ಎರಡು ಪಂಕ್ತಿ.

ಸಿಟ್ಟು ನ್ಯಾಯವೇ. ಆದರೆ ಹಳೇ ಪದ್ಧತಿಗೆ ಕೂಡಿಟ್ಟ ನಿಧಿ ಇಲ್ಲ, ಅದು ಆಯಾ ವರ್ಷದ ಬೊಕ್ಕಸದಿಂದಲೇ ಹೋಗಬೇಕು. ಮರಳಿ ತಂದರೆ ಸರ್ಕಾರಕ್ಕೆ ಈಗ ಆ ಶೇ 14 ಉಳಿಯುತ್ತೆ. ಬಿಲ್ಲು ಬರೋದು ಈ ಮೇಷ್ಟ್ರುಗಳು ನಿವೃತ್ತರಾದ ಮೇಲೆ. ಆಗ ವಿಧಾನಸೌಧದಲ್ಲಿ ಯಾರಿರ್ತಾರೋ!