ಆರದ ಉರಿಯೂತ

ತರಕಾರಿ ಹೆಚ್ಚುವಾಗ ಬೆರಳಿಗೆ ಗಾಯವಾದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಇದೇ ಉರಿಯೂತ. ಗಾಬರಿಯಾಗಬೇಡಿ. ನಿಮ್ಮ ದೇಹದ ಕಾವಲುಗಾರರು ಕೆಲಸಕ್ಕಿಳಿದಿದ್ದಾರೆ ಎಂದೇ ಇದರ ಅರ್ಥ.

ಈ ಕಾವಲುಗಾರರಲ್ಲಿ ರೋಗಾಣುಗಳನ್ನು ನುಂಗುವ ಮ್ಯಾಕ್ರೋಫೇಜ್ ಎಂಬ ಜೀವಕೋಶ ಮುಖ್ಯವಾದುದು. ಶಾಂತವಾಗಿರುವಾಗ ಅದು ಆಮ್ಲಜನಕದ ನೆರವಿನಿಂದ ಆಹಾರವನ್ನು ನಿಧಾನವಾಗಿ, ಪೂರ್ತಿಯಾಗಿ ಉರಿಸಿ ಶಕ್ತಿ ಪಡೆಯುತ್ತದೆ. ಬ್ಯಾಕ್ಟೀರಿಯಾ ಎದುರಾದೊಡನೆ ಸಕ್ಕರೆಯನ್ನು ಅವಸರದಲ್ಲಿ ಅರ್ಧಂಬರ್ಧ ಉರಿಸತೊಡಗುತ್ತದೆ. ಆಗ ಕೋಶದೊಳಗೆ ಸಕ್ಸಿನೇಟ್ ಎಂಬ ವಸ್ತು ಶೇಖರವಾಗುತ್ತದೆ. ಇದು ಉರಿಯೂತವನ್ನು ಹೆಚ್ಚಿಸುತ್ತದೆಂದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಲ್ಯೂಕ್ ಓನೀಲ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಅಚ್ಚರಿಯೆಂದರೆ, ಅದೇ ಕೋಶ ಇಟಕೊನೇಟ್ ಎಂಬ ಇನ್ನೊಂದು ವಸ್ತುವನ್ನೂ ತಯಾರಿಸುತ್ತದೆ. ಅದು ಉರಿಯೂತವನ್ನು ತಣಿಸುವ ಬಗೆಯನ್ನು ಇದೇ ತಂಡ 2018ರಲ್ಲಿ ವಿವರಿಸಿತು. ಹಚ್ಚುವುದೂ ಆರಿಸುವುದೂ ಒಂದೇ ಕೋಶ!

ಆದರೆ ಬೆಂಕಿ ಆರದೇ ಹೋದರೆ? ಬೊಜ್ಜು ಹೆಚ್ಚಿದಾಗ ಹೊಟ್ಟೆಯ ಕೊಬ್ಬಿನಲ್ಲಿ ಈ ಕೋಶಗಳು ಬಂದು ಸೇರಿಕೊಳ್ಳುತ್ತವೆ. ಗಾಯವಿಲ್ಲ, ನೋವಿಲ್ಲ. ಆದರೂ ಉರಿಯೂತವು ಬೂದಿ ಮುಚ್ಚಿದ ಕೆಂಡದಂತೆ ಉಳಿಯುತ್ತದೆ. ಅವು ಹೊರಬಿಡುವ ರಾಸಾಯನಿಕಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಿಯಾಗುತ್ತವೆ. ಸಕ್ಕರೆ ಕಾಯಿಲೆ ಬರುವ ದಾರಿಗಳಲ್ಲಿ ಇದೂ ಒಂದು.

ಸಹೋದರಿಯರೇ, ಮನೆಮಂದಿಯ ಆರೋಗ್ಯ ನೋಡಿಕೊಳ್ಳುವ ನೀವು ನಿಮ್ಮ ಸೊಂಟದ ಸುತ್ತಳತೆಯನ್ನೂ ಒಮ್ಮೆ ಅಳೆಯಿರಿ. ಅದು 80 ಸೆಂಟಿಮೀಟರ್ ದಾಟಿದ್ದರೆ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿ. ದಿನವೂ ಅರ್ಧ ಗಂಟೆ ನಡೆಯಿರಿ. ನೋವಿಲ್ಲವೆಂದು ಸುಮ್ಮನಿರಬೇಡಿ.